ಲಾರಿ ಓಡಿಸಿದ್ದಕ್ಕೆ ಪುರಾವೆ ಏನಿದೆ? ಬಳ್ಳಾರಿ ಕಡೆಯಿಂದ ಕೆನಡಾಕ್ಕೆ ಬರುವ ಡ್ರೈವರ್‌ಗಳಿಗೆ

ಸಂಡೂರು, ತೋರಣಗಲ್ಲು, ಗಂಗಾವತಿ, ಸಿಂಧನೂರು ಕಡೆಯಿಂದ ಕೆನಡಾದ ಒಂಟಾರಿಯೋ ಪ್ರಾಂತ್ಯಕ್ಕೆ ಬರುವ ನಮ್ಮ ಹುಡುಗರಿಗೆ ಗಾಡಿ ಓಡಿಸೋದು ಯಾರೂ ಕಲಿಸಬೇಕಾಗಿಲ್ಲ. ಅದಿರು ತುಂಬಿದ ಟಿಪ್ಪರನ್ನು ಮಳೆಗಾಲದಲ್ಲಿ ಸಂಡೂರಿನ ಗುಡ್ಡದಿಂದ ಇಳಿಸಿದವರಿಗೆ ಇಲ್ಲಿನ ಹೈವೇ ಹೆದರಿಕೆ ಹುಟ್ಟಿಸುವುದಿಲ್ಲ, ಹಿಮ ಒಂದನ್ನು ಬಿಟ್ಟರೆ. ಅವರು ಸಿಕ್ಕಿಹಾಕಿಕೊಳ್ಳುವುದು ಟ್ರಕ್ ಕಂಪನಿಯ ಕೆಲಸದ ಅರ್ಜಿಯ ಒಂದು ಪುಟದಲ್ಲಿ. ಹಿಂದೆ ಎಲ್ಲಿ ಕೆಲಸ ಮಾಡಿದ್ದಿರಿ, ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಯಾಕೆ ಬಿಟ್ಟಿರಿ, ಯಾರನ್ನು ಕೇಳಬೇಕು?

ನಮ್ಮ ಕಡೆ ಲಾರಿ ಕೆಲಸ ಹೇಗೆ ಅಂತ ಗೊತ್ತಲ್ವಾ? ಸಾವ್ಕಾರರು ಕೀ ಕೊಡ್ತಾರೆ, ಟ್ರಿಪ್ಪಿಗೆ ಇಷ್ಟು ಬಾಟಾ ಅಂತ ಮಾತಾಗುತ್ತೆ, ಲೆಕ್ಕ ಕೈಯಲ್ಲೇ ಮುಗಿಯುತ್ತೆ. ಆರ್ಡರ್ ಇಲ್ಲ, ಸಂಬಳದ ಚೀಟಿ ಇಲ್ಲ. ಊರಲ್ಲಿ ಅದು ಸಾಕು, ಎಲ್ಲರಿಗೂ ಎಲ್ಲರೂ ಗೊತ್ತು. ಇಲ್ಲಿ ಕಂಪನಿಯವರು ನೀವು ಒಳ್ಳೆಯವರೋ ಕೆಟ್ಟವರೋ ಅಂತ ಕೇಳುವುದಿಲ್ಲ. ತಾರೀಖು ಸರಿಯಾ, ನಿಜವಾಗಿ ದೊಡ್ಡ ಗಾಡಿ ಓಡಿಸಿದ್ದಾರಾ, ಅಪಘಾತ ಆಗಿತ್ತಾ, ಇಷ್ಟೇ ಕೇಳ್ತಾರೆ. "ನಮ್ಮ ಹುಡುಗ, ಬಂಗಾರದಂಥವನು" ಅಂತ ಸಾವ್ಕಾರರು ಫೋನಲ್ಲಿ ಹೇಳಿದರೆ ಫೈಲಿಗೆ ಏನೂ ಸೇರುವುದಿಲ್ಲ.

ಅಮೆರಿಕದ ಗಡಿ ದಾಟುವ ಕಂಪನಿಯಾದರೆ ಅಲ್ಲಿನ ಫೆಡರಲ್ ನಿಯಮ ಇಲ್ಲಿನ ಡ್ರೈವರ್‌ಗೂ ಅನ್ವಯಿಸುತ್ತದೆ. ಕಳೆದ 3 ವರ್ಷದ ಎಲ್ಲಾ ಕೆಲಸಗಳನ್ನೂ ಬರೆಯಬೇಕು. ಅದಕ್ಕೂ ಹಿಂದಿನ 7 ವರ್ಷದಲ್ಲಿ ದೊಡ್ಡ ಗಾಡಿ ಓಡಿಸಿದ್ದರೆ ಅದನ್ನೂ ಬರೆಯಬೇಕು. ಹಾಗಾಗಿ ಒಟ್ಟು 10 ವರ್ಷದ ಲೆಕ್ಕ. ಮಧ್ಯೆ ಖಾಲಿ ಬಿದ್ದ ತಿಂಗಳುಗಳಿದ್ದರೆ ಹೆದರಬೇಡಿ, ಇದ್ದದ್ದನ್ನು ಇದ್ದ ಹಾಗೇ ಬರೆಯಿರಿ. 2020ರ ಲಾಕ್‌ಡೌನ್‌ನಲ್ಲಿ ಗಾಡಿ ನಿಂತಿತ್ತು, ಊರಲ್ಲಿ ಹೊಲ ನೋಡಿಕೊಂಡಿದ್ದೆ ಅಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ಖಾಲಿ ಬಿಟ್ಟರೆ ಮಾತ್ರ ಅನುಮಾನ ಬರುತ್ತದೆ.

ಹೊರಡುವ ಮೊದಲೇ ಊರಲ್ಲಿ ಮಾಡಬೇಕಾದ ಕೆಲಸ ಜಾಸ್ತಿ ಇದೆ. ಆಮೇಲೆ ಒಂಟಾರಿಯೋದ ಬ್ರಾಂಪ್ಟನ್‌ನಲ್ಲಿ ಕೂತು ರಾತ್ರಿ ಹೊತ್ತು ಫೋನ್ ಮಾಡಿದರೆ ಸಾವ್ಕಾರರು "ಆಗಲಪ್ಪ, ಕಳಿಸ್ತೀನಿ" ಅನ್ನುತ್ತಾರೆ, ಅಷ್ಟೇ. ಮುಂದೆ ನಿಂತು ಬರೆಸಿಕೊಳ್ಳಿ. ಟ್ರಾನ್ಸ್‌ಪೋರ್ಟಿನ ಲೆಟರ್‌ಹೆಡ್ ಮೇಲೆ, ಇಂಗ್ಲಿಷಿನಲ್ಲಿ, ಸೇರಿದ ಮತ್ತು ಬಿಟ್ಟ ತಾರೀಖು, ಗಾಡಿ ಎಷ್ಟು ಚಕ್ರದ್ದು, ಯಾವ ರೂಟು, ವಾರಕ್ಕೆ ಎಷ್ಟು ಗಂಟೆ, ಸಂಬಳ ಎಷ್ಟು, ಸಹಿ ಮಾಡಿದವರ ಹೆಸರು ಮತ್ತು ಫೋನ್ ಎಲ್ಲವೂ ಇರಲಿ. ಸಾವ್ಕಾರರಿಗೆ ಇಂಗ್ಲಿಷ್ ಬರದಿದ್ದರೆ, ಫೋನ್ ಎತ್ತಿ ಎರಡು ಮಾತು ಹೇಳಬಲ್ಲ ಮಗನದೋ ಗುಮಾಸ್ತರದೋ ನಂಬರ್ ಕೂಡ ಹಾಕಿಸಿ.

ಪತ್ರದ ಬೆನ್ನಿಗೆ ಬೇರೆ ಕಾಗದಗಳೂ ಬೇಕು. ಪಿಎಫ್ ಕಟ್ಟಿದ್ದರೆ ಯುಎಎನ್ ಪಾಸ್‌ಬುಕ್ ತುಂಬಾ ಗಟ್ಟಿ, ಅದರಲ್ಲಿ ಸಂಸ್ಥೆಯ ಹೆಸರು, ತಿಂಗಳು ಎಲ್ಲಾ ಇರುತ್ತದೆ. ಸಂಬಳ ಬ್ಯಾಂಕಿಗೆ ಬಿದ್ದಿದ್ದರೆ ಸ್ಟೇಟ್‌ಮೆಂಟ್ ತೆಗೆಸಿ. ಸ್ಟೀಲ್ ಪ್ಲಾಂಟ್ ಒಳಗೆ ಓಡಿಸಿದವರು ಹಳೇ ಗೇಟ್ ಪಾಸ್ ಎಸೆಯಬೇಡಿ. ಶಕ್ತಿನಗರದಿಂದ ಹಾರುಬೂದಿ ಒಯ್ದವರು, ಗಂಗಾವತಿಯಿಂದ ಅಕ್ಕಿ ಒಯ್ದವರು ತಮ್ಮ ಹೆಸರಿರುವ ಬಿಲ್ಟಿ (ಸರಕಿನ ರಸೀದಿ), ಟ್ರಿಪ್ ಶೀಟ್ ಇಟ್ಟುಕೊಳ್ಳಿ. ಇ-ವೇ ಬಿಲ್ಲಿನಲ್ಲಿ ಗಾಡಿ ನಂಬರ್ ಮಾತ್ರ ಇರುತ್ತೆ, ಅದೊಂದೇ ಸಾಲದು. ಆರ್‌ಟಿಒದಿಂದ ಡಿಎಲ್ ಎಕ್ಸ್‌ಟ್ರಾಕ್ಟ್ (ಲೈಸೆನ್ಸಿನ ದಾಖಲೆಯ ಪ್ರತಿ) ಕೂಡ ತೆಗೆಸಿ, ಕೆಎ-34 ಆಗಲಿ, 36 ಆಗಲಿ, 37 ಆಗಲಿ. ಹೆವಿ ಲೈಸೆನ್ಸ್ ಯಾವಾಗ ಸಿಕ್ಕಿತು ಅಂತ ಅದು ಹೇಳುತ್ತದೆ.

ದುಡ್ಡು ಕೊಟ್ಟರೆ ಅನುಭವದ ಪತ್ರ ಮಾಡಿಕೊಡುವ ಏಜೆಂಟರು ನಮ್ಮ ಕಡೆಯೂ ಇದ್ದಾರೆ. ಅವರ ಸಹವಾಸ ಬೇಡ. ವಲಸೆ ಅರ್ಜಿಯಲ್ಲಿ ಸುಳ್ಳು ಕಾಗದ ಸಿಕ್ಕಿದರೆ ಕೆನಡಾಕ್ಕೆ 5 ವರ್ಷ ಬರುವ ಹಾಗಿಲ್ಲ. ವಲಸೆ ಅರ್ಜಿಯಲ್ಲಿ ಬರೆದ ತಾರೀಖೂ ಕೆಲಸದ ಅರ್ಜಿಯಲ್ಲಿ ಬರೆದ ತಾರೀಖೂ ಒಂದೇ ಇರಬೇಕು. ಎರಡರ ಪ್ರತಿಯನ್ನೂ ಒಂದೇ ಕವರಿನಲ್ಲಿಡಿ.

ಒಂದು ಕಹಿ ಮಾತು. ಇಷ್ಟೆಲ್ಲಾ ತಂದರೂ ನಿಮ್ಮ ಇಂಡಿಯಾ ಅನುಭವಕ್ಕೆ ಇಲ್ಲಿ ದೊಡ್ಡ ಟ್ರಕ್ ಓಡಿಸಲು ಬೇಕಾದ ಎ-ಝೆಡ್ ಲೈಸೆನ್ಸ್ ಹಾಗೇ ಸಿಗುವುದಿಲ್ಲ. ಮೊದಲು ಪೂರ್ತಿ ಜಿ ಲೈಸೆನ್ಸ್, ಅಂದರೆ ಕಾರಿನ ಲೈಸೆನ್ಸ್, ಬೇಕು. ಆಮೇಲೆ ಕನಿಷ್ಠ 103.5 ಗಂಟೆಯ ತರಬೇತಿ. 2017ರ ಜುಲೈಯಿಂದ ಒಂಟಾರಿಯೋದಲ್ಲಿ ಇದು ಕಡ್ಡಾಯ. 2018ರ ಏಪ್ರಿಲ್‌ನಲ್ಲಿ ಸಾಸ್ಕಾಚೆವಾನ್ ಪ್ರಾಂತ್ಯದಲ್ಲಿ ಟ್ರಕ್ಕೂ ಐಸ್ ಹಾಕಿ ಆಟಗಾರರ ತಂಡದ ಬಸ್ಸೂ ಡಿಕ್ಕಿಯಾಗಿ 16 ಜನ ಸತ್ತ ಮೇಲೆ ಬೇರೆ ಪ್ರಾಂತ್ಯಗಳೂ ಬಿಗಿ ಮಾಡಿದವು. ಎಷ್ಟೋ ಇನ್ಶೂರೆನ್ಸ್ ಕಂಪನಿಗಳು ಇಲ್ಲಿನ ಅನುಭವವನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತವೆ.

ಅದಕ್ಕೇ ಇಲ್ಲಿನ ಮೊದಲ ಕೆಲಸದ ದಾಖಲೆ ಮುಖ್ಯ. "ನಿನ್ನ ಹೆಸರಲ್ಲೇ ಒಂದು ಕಂಪನಿ ಮಾಡ್ಕೋ, ಟ್ಯಾಕ್ಸ್ ಹಿಡಿಯದೆ ಕೊಡ್ತೀವಿ" ಅನ್ನುವವರು ಸಿಗ್ತಾರೆ. ಕೈಗೆ ದುಡ್ಡು ಜಾಸ್ತಿ ಕಾಣುತ್ತೆ. ಆದರೆ ವರ್ಷದ ಸಂಬಳ, ಟ್ಯಾಕ್ಸ್ ತೋರಿಸುವ ಟಿ4 ಸ್ಲಿಪ್ ಇಲ್ಲ, ಕೆಲಸ ಬಿಟ್ಟಾಗ ಕೊಡುವ ಆರ್‌ಒಇ ಅನ್ನೋ ಉದ್ಯೋಗದ ದಾಖಲೆ ಇಲ್ಲ. ಮುಂದಿನ ಕಂಪನಿ ಕೇಳಿದರೆ ಮತ್ತೆ ಸಂಡೂರಿನ ಕಥೆಯೇ, ಕೈಯಲ್ಲಿ ಕಾಗದವಿಲ್ಲ. ಜಗಳವಾಯಿತು ಅಂತ ಗಾಡಿಯನ್ನು ದಾರಿಯಲ್ಲಿ ಬಿಟ್ಟು ಬರಬೇಡಿ. ಯಾರ್ಡಿಗೆ ತಂದು ಕೀ ಒಪ್ಪಿಸಿ, ಲಿಖಿತ ನೋಟಿಸ್ ಕೊಟ್ಟು ಬಿಡಿ.

ಹಳೇ ಕಂಪನಿ ನಿಮ್ಮ ಬಗ್ಗೆ ಸುಳ್ಳು ಹೇಳಿದೆ ಅನ್ನಿಸಿದರೆ ಸುಮ್ಮನಿರಬೇಡಿ. ಅಮೆರಿಕದ ನಿಯಮದ ಪ್ರಕಾರ, ಅವರು ಏನು ಹೇಳಿದರು ಅಂತ ನೋಡುವ ಹಕ್ಕು ನಿಮಗಿದೆ. ಕೆಲಸ ಸಿಕ್ಕ ಅಥವಾ ಇಲ್ಲ ಅಂದ 30 ದಿನದೊಳಗೆ ಹೊಸ ಕಂಪನಿಗೆ ಬರವಣಿಗೆಯಲ್ಲಿ ಕೇಳಿ. ಮಾಹಿತಿ ಅವರ ಹತ್ತಿರ ಇದ್ದರೆ 5 ಕೆಲಸದ ದಿನದಲ್ಲಿ ಕೊಡಬೇಕು. ತಪ್ಪಿದ್ದರೆ ತಿದ್ದಿ ಅಂತ ಹಳೇ ಕಂಪನಿಗೆ ಬರೆಯಿರಿ. 15 ದಿನದಲ್ಲಿ ಅವರು ತಿದ್ದಬೇಕು, ಇಲ್ಲವೇ ಒಪ್ಪುವುದಿಲ್ಲ ಅಂತ ಹೇಳಬೇಕು. ಒಪ್ಪದಿದ್ದರೆ ನಿಮ್ಮ ಕಡೆಯ ಮಾತನ್ನೂ ಅದೇ ಫೈಲಿಗೆ ಸೇರಿಸಲು ಬರೆದುಕೊಡಿ.