ಒಂದು ಆರ್ಡರಿನ ಬೆನ್ನು ಹಿಡಿದು

ಯಂತ್ರಗಳ ಬಿಡಿಭಾಗಗಳನ್ನು ಸಗಟಾಗಿ ಪೂರೈಸುವ ಮಧ್ಯಮ ಗಾತ್ರದ ಸಂಸ್ಥೆಯೊಂದರಲ್ಲಿ ದೈನಂದಿನ ವ್ಯವಹಾರದ ಹೊಣೆ ನನ್ನದು. ಅಲ್ಲಿನ ಖರೀದಿ, ಉಗ್ರಾಣ, ರವಾನೆ ಮತ್ತು ಲೆಕ್ಕಪತ್ರಗಳನ್ನು ಡಿಜಿಟಲ್ ವ್ಯವಸ್ಥೆಗೆ ತರುವ ಕೆಲಸವನ್ನು ನಾವು ಎರಡು ಬಾರಿ ಕೈಗೆತ್ತಿಕೊಂಡೆವು. ಮೊದಲ ಬಾರಿ ಕೈಸುಟ್ಟುಕೊಂಡೆವು, ಎರಡನೆಯ ಬಾರಿ ಕೆಲಸ ಕೈಗೂಡಿತು. ಎರಡೂ ಬಾರಿ ಬಳಸಿದ್ದು ಒಂದೇ ತಂತ್ರಾಂಶ ಎಂಬುದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಈ ವಿಷಯದ ಮಾತು ಬಂದಾಗಲೆಲ್ಲ ಯಾವ ತಂತ್ರಾಂಶ ಕೊಳ್ಳಬೇಕೆಂಬ ಪ್ರಶ್ನೆಯನ್ನೇ ನನ್ನನ್ನು ಎಲ್ಲರೂ ಕೇಳುತ್ತಾರೆ.

ಮೊದಲ ಪ್ರಯತ್ನದಲ್ಲಿ ನಾವು ಕಾಗದದ ನಮೂನೆಗಳನ್ನೆಲ್ಲ ಇದ್ದ ಹಾಗೆಯೇ ಪರದೆಗೆ ಇಳಿಸಿದೆವು. ಉಗ್ರಾಣದವರು ಹಗಲೆಲ್ಲ ಚೀಟಿ ಬರೆಯುತ್ತಿದ್ದರು, ಸಂಜೆ ಒಬ್ಬರು ಕುಳಿತು ಅವನ್ನು ಕಂಪ್ಯೂಟರಿಗೆ ಏರಿಸುತ್ತಿದ್ದರು. ಹೀಗಾಗಿ ಪರದೆಯ ಮೇಲಿನ ದಾಸ್ತಾನು ಯಾವಾಗಲೂ ನಿನ್ನೆಯದಾಗಿರುತ್ತಿತ್ತು. ಅದನ್ನು ನಂಬಿ ಗ್ರಾಹಕರಿಗೆ ಮಾತು ಕೊಡುವ ಧೈರ್ಯ ಮಾರಾಟದವರಿಗೆ ಇಲ್ಲದ್ದರಿಂದ ಅವರು ಮೊದಲಿನಂತೆಯೇ ಉಗ್ರಾಣಕ್ಕೆ ಫೋನ್ ಮಾಡುತ್ತಿದ್ದರು. ಕಾರ್ಖಾನೆಗಳಿಗೆ ವಿದ್ಯುತ್ ಬಂದ ಬಗೆಯನ್ನು ಕಂಪ್ಯೂಟರಿಗೆ ಹೋಲಿಸಿ ಆರ್ಥಿಕ ಇತಿಹಾಸಕಾರ ಪಾಲ್ ಡೇವಿಡ್ 1990ರಲ್ಲಿ ಬರೆದಿದ್ದನ್ನು ಓದಿದಾಗ ನಮ್ಮ ತಪ್ಪು ನನಗೆ ಸ್ಪಷ್ಟವಾಯಿತು. ಉಗಿಯಂತ್ರ ತೆಗೆದು ಆ ಜಾಗದಲ್ಲಿ ದೊಡ್ಡ ಮೋಟಾರು ಇಟ್ಟು, ಹಳೆಯ ಶಾಫ್ಟು ಮತ್ತು ಬೆಲ್ಟುಗಳಿಂದಲೇ ಯಂತ್ರಗಳನ್ನು ತಿರುಗಿಸುತ್ತಿದ್ದ ತನಕ ಅಮೆರಿಕದ ಕಾರ್ಖಾನೆಗಳಿಗೆ ಹೆಚ್ಚಿನ ಲಾಭ ಸಿಗಲಿಲ್ಲ. ಪ್ರತಿ ಯಂತ್ರಕ್ಕೂ ಅದರದೇ ಮೋಟಾರು ಬಂದು, ಕೆಲಸ ಸಾಗುವ ಕ್ರಮಕ್ಕೆ ತಕ್ಕಂತೆ ಅವುಗಳನ್ನು ಹೊಸದಾಗಿ ಜೋಡಿಸಿದ ಮೇಲೆ, 1920ರ ದಶಕದಲ್ಲಿ, ಉತ್ಪಾದಕತೆ ಏರಿತು. ನಾವೂ ಮೋಟಾರನ್ನಷ್ಟೇ ಬದಲಿಸಿ ಶಾಫ್ಟನ್ನು ಉಳಿಸಿಕೊಂಡಿದ್ದೆವು.

ಎರಡನೆಯ ಬಾರಿ ಕಂಪ್ಯೂಟರಿನ ಹತ್ತಿರ ಹೋಗುವ ಮೊದಲು ನಾನು ಮೂರು ದಿನ ಒಂದೇ ಆರ್ಡರಿನ ಬೆನ್ನು ಹಿಡಿದು ಓಡಾಡಿದೆ. ಅದರಲ್ಲಿದ್ದ ಒಂದು ವಸ್ತುವಿನ ಸಂಖ್ಯೆಯನ್ನು ಆರ್ಡರ್ ಪುಸ್ತಕ, ಉಗ್ರಾಣದ ಚೀಟಿ, ಉಗ್ರಾಣದ ರಿಜಿಸ್ಟರು, ರವಾನೆ ಪತ್ರ, ಗೇಟಿನ ರಿಜಿಸ್ಟರು, ಕೊನೆಗೆ ಬಿಲ್ಲು ಎಂದು ಆರು ಕಡೆ ಬೇರೆ ಬೇರೆಯವರು ಕೈಯಾರೆ ಬರೆದರು. ಪ್ರತಿಯೊಂದು ಕಡೆಯೂ ನಾನು ಕೇಳಿದ್ದು ಒಂದೇ ಪ್ರಶ್ನೆ: ಇದನ್ನು ಮುಂದೆ ಯಾರು ಓದುತ್ತಾರೆ? ಎರಡು ಕಡೆ ಉತ್ತರ ಸಿಗಲಿಲ್ಲ, ಆ ಎರಡನ್ನೂ ನಿಲ್ಲಿಸಿದೆವು.

ಇದಕ್ಕಿಂತ ಮುಖ್ಯವಾದದ್ದು ಕಂಡದ್ದು ಉಗ್ರಾಣದ ಮೇಲ್ವಿಚಾರಕರ ಜೇಬಿನಲ್ಲಿ. ಅಂಚು ಸವೆದ ಒಂದು ಸಣ್ಣ ಪುಸ್ತಕದಲ್ಲಿ ಅವರು, ಗ್ರಾಹಕರಿಗೆ ಕೊಡುವುದಾಗಿ ಒಪ್ಪಿಕೊಂಡಿದ್ದರೂ ಇನ್ನೂ ಹೊರಗೆ ಹೋಗದ ಮಾಲನ್ನು ಬರೆದಿಡುತ್ತಿದ್ದರು. ಕಪಾಟಿನಲ್ಲಿ 400 ಇದ್ದರೂ ಮಾರಬಹುದಾದದ್ದು 150 ಮಾತ್ರ ಎಂಬ ಸತ್ಯ ಆ ಪುಸ್ತಕವೊಂದಕ್ಕೇ ಗೊತ್ತಿತ್ತು. ಕಾಯ್ದಿರಿಸಿದ ದಾಸ್ತಾನನ್ನು ಬೇರೆಯಾಗಿ ತೋರಿಸುವ ಸೌಲಭ್ಯ ತಂತ್ರಾಂಶದಲ್ಲಿ ಮೊದಲಿನಿಂದಲೂ ಇತ್ತು, ಆದರೆ ಅಂಥ ಕಾಗದದ ನಮೂನೆ ಇಲ್ಲದ್ದರಿಂದ ಯಾರೂ ಅದನ್ನು ಕೇಳಿರಲಿಲ್ಲ. ಹೊಸ ವ್ಯವಸ್ಥೆಯ ರೂಪುರೇಷೆಯನ್ನು ನಾನು ಅವರ ಪಕ್ಕದಲ್ಲಿ ಕುಳಿತು, ಆ ಪುಸ್ತಕವನ್ನು ತೆರೆದಿಟ್ಟುಕೊಂಡೇ ಬರೆದೆ. ಹಲವು ಸಭೆಗಳಲ್ಲಿ ತಿಳಿಯದ ಸಂಗತಿಗಳು ಆ ಎರಡು ಮಧ್ಯಾಹ್ನಗಳಲ್ಲಿ ತಿಳಿದವು.

ಆಮೇಲೆ ಬಂದದ್ದು ವಸ್ತುಗಳ ಪಟ್ಟಿ. ಇಡೀ ಕೆಲಸದಲ್ಲಿ ಅತ್ಯಂತ ಬೇಸರದ ಭಾಗ ಇದು, ಆದರೆ ಹೊರಗಿನವರ ಕೈಗೆ ಒಪ್ಪಿಸಲೇಬಾರದ ಭಾಗವೂ ಇದೇ. ‘ಎಂ10 ಬೋಲ್ಟ್’, ‘10 ಮಿ.ಮೀ. ಬೋಲ್ಟ್’, ‘ಬೋಲ್ಟ್ 10’ ಎಂಬ ಮೂರು ಹೆಸರುಗಳು ಪಟ್ಟಿಯಲ್ಲಿದ್ದವು. ಮೂರೂ ಒಂದೇ ಎಂದು ಒಟ್ಟುಗೂಡಿಸಲು ಹೊರಟಾಗ ಉಗ್ರಾಣದವರೊಬ್ಬರು ಪಿಚ್ ಗೇಜ್ ತಂದು ಎರಡು ಬೋಲ್ಟುಗಳ ಥ್ರೆಡ್ ಅಳೆದು ತೋರಿಸಿದರು. ಒಂದರ ಪಿಚ್, ಅಂದರೆ ಥ್ರೆಡ್ಡಿನ ಒಂದು ಏಣಿನಿಂದ ಮುಂದಿನ ಏಣಿಗಿರುವ ಅಂತರ, 1.5 ಮಿ.ಮೀ., ಇನ್ನೊಂದರದು 1.25. ಎರಡೂ ಎಂ10 ಬೋಲ್ಟುಗಳೇ, ಆದರೆ ಒಂದರ ನಟ್ಟು ಇನ್ನೊಂದಕ್ಕೆ ಕೂರುವುದಿಲ್ಲ. ಒಂದೇ ವಸ್ತುವಿಗೆ ಮೂರು ಹೆಸರಿದ್ದದ್ದು ಸಣ್ಣ ತೊಡಕು, ಒಂದೇ ಹೆಸರಿನಡಿ ಎರಡು ವಸ್ತುಗಳು ಅಡಗಿದ್ದದ್ದು ದೊಡ್ಡ ಅಪಾಯ. ಹಾಗಾಗಿ ಪ್ರತಿ ಸಾಲನ್ನೂ ವಸ್ತುವನ್ನು ಕೈಯಲ್ಲಿ ಹಿಡಿದು ಪರಿಶೀಲಿಸಿದೆವು. ಸೊನ್ನೆಯಿಂದ ಆರಂಭವಾಗುವ ಸಂಕೇತ ಸಂಖ್ಯೆಗಳನ್ನು ಎಕ್ಸೆಲ್‌ಗೆ ಹಾಕುವ ಮುನ್ನ ಆ ಕಾಲಮ್ಮನ್ನು ಪಠ್ಯವೆಂದು ಗುರುತಿಸಿಕೊಳ್ಳುವುದನ್ನೂ ರೂಢಿಸಿಕೊಂಡೆವು. ಇಲ್ಲವಾದರೆ ಅದು 00417 ಎಂಬುದನ್ನು 417 ಎಂಬ ಸಂಖ್ಯೆಯೆಂದು ತಿಳಿದು ಮುಂದಿನ ಸೊನ್ನೆಗಳನ್ನು ನುಂಗಿಬಿಡುತ್ತದೆ.

ಎಲ್ಲ ವಿಭಾಗಗಳನ್ನೂ ಒಂದೇ ದಿನ ಬದಲಿಸುವ ಸಲಹೆಯನ್ನು ನಾನು ಒಪ್ಪಲಿಲ್ಲ. ಉಗ್ರಾಣದ ಒಂದು ಸಾಲನ್ನು ಮಾತ್ರ ಆರಿಸಿ, ಅಲ್ಲಿ ನಾಲ್ಕು ವಾರ ಹಳೆಯ ಮತ್ತು ಹೊಸ ವ್ಯವಸ್ಥೆಗಳನ್ನು ಜೊತೆಜೊತೆಯಾಗಿ ನಡೆಸಿ, ಪ್ರತಿ ಸಂಜೆ ಎರಡರ ಲೆಕ್ಕವನ್ನೂ ತಾಳೆ ನೋಡಿದೆವು. ಮೊದಲ ವಾರ ಲೆಕ್ಕ ಒಂದು ದಿನವೂ ಹೊಂದಲಿಲ್ಲ. ಖರೀದಿಯವರು ಪೆಟ್ಟಿಗೆಗಳ ಲೆಕ್ಕದಲ್ಲಿ ಬರೆಯುತ್ತಿದ್ದುದನ್ನು ಉಗ್ರಾಣದವರು ಬಿಡಿಯಾಗಿ ಎಣಿಸುತ್ತಿದ್ದುದೇ ಇದಕ್ಕೆ ಕಾರಣ. ಮಾಲು ಒಳಬರುವಾಗಲೇ ಪೆಟ್ಟಿಗೆ ಬಿಡಿಯಾಗಿ ಬದಲಾಗುವಂತೆ ಮಾಡಿದ ಮೇಲೆ ಅಂತರ ಕುಗ್ಗುತ್ತ ಬಂದು, ನಾಲ್ಕನೆಯ ವಾರದಲ್ಲಿ ಸತತ ಐದು ದಿನ ಎರಡೂ ಲೆಕ್ಕಗಳು ಸರಿಹೊಂದಿದವು. ಆ ಸಾಲಿನ ಕಾಗದದ ರಿಜಿಸ್ಟರನ್ನು ಅಂದೇ ಮುಚ್ಚಿ ಬೀರುವಿನಲ್ಲಿಟ್ಟು ಬೀಗ ಹಾಕಿದೆವು. ಹಳೆಯದಕ್ಕೆ ಮರಳುವ ದಾರಿ ತೆರೆದಿದ್ದರೆ, ಕೆಲಸದ ಒತ್ತಡ ಹೆಚ್ಚಾದ ಮೊದಲ ದಿನವೇ ಎಲ್ಲರೂ ಅದನ್ನು ಹಿಡಿಯುತ್ತಾರೆ ಎಂಬುದು ಮೊದಲ ಪ್ರಯತ್ನದಲ್ಲಿಯೇ ನಮಗೆ ತಿಳಿದಿತ್ತು.

ಉಳಿದ ಸಾಲುಗಳು ಒಂದೊಂದಾಗಿ ಇದೇ ಕ್ರಮದಲ್ಲಿ ಬದಲಾದವು. ಮೇಲ್ವಿಚಾರಕರು ಜೇಬಿನ ಪುಸ್ತಕವನ್ನು ಬಿಡಲು ಇನ್ನೂ ಮೂರು ತಿಂಗಳು ತೆಗೆದುಕೊಂಡರು, ನಾನೂ ಒತ್ತಾಯಿಸಲಿಲ್ಲ. ಪುಸ್ತಕಕ್ಕೂ ಪರದೆಗೂ ವ್ಯತ್ಯಾಸ ಕಂಡಾಗಲೆಲ್ಲ ಅವರು ನನ್ನನ್ನು ಕರೆಯುತ್ತಿದ್ದರು, ಹೆಚ್ಚಿನ ಸಲ ಅವರ ಪುಸ್ತಕವೇ ಸರಿಯಾಗಿರುತ್ತಿತ್ತು, ನಾವು ವ್ಯವಸ್ಥೆಯನ್ನು ತಿದ್ದುತ್ತಿದ್ದೆವು. ಗ್ರಾಹಕರು ಹಿಂದಿರುಗಿಸುವ ಮಾಲಿನ ಲೆಕ್ಕ ಮಾತ್ರ ಇಂದಿಗೂ ಕಾಗದದ ಮೇಲೆಯೇ ನಡೆದಿದೆ. ಯಾವುದನ್ನು ವಾಪಸು ಪಡೆಯಬೇಕು, ಅದನ್ನು ಯಾರು ಒಪ್ಪಬೇಕು ಎಂಬುದನ್ನು ನಾವಿನ್ನೂ ನಿರ್ಧರಿಸಿಲ್ಲ. ಆ ನಿರ್ಧಾರವಾಗುವವರೆಗೆ ಅದಕ್ಕೊಂದು ಪರದೆ ಮಾಡಿಸುವುದಿಲ್ಲ ಎಂದು ಆಡಳಿತದವರಿಗೆ ತಿಳಿಸಿದ್ದೇನೆ.