ಹೊಗೆಬಂಡಿ ಪೋಸ್ಟ್‌ಕಾರ್ಡ್ ಕೂಡಿಸ್ತೀರಾ? ಮೊದಲು ಹಿಂಬದಿ ನೋಡಿ

ಮೊದಲ ಕಾರ್ಡಿನಲ್ಲೇ ನಾನು ಟೋಪಿ ಹಾಕಿಸಿಕೊಂಡೆ. 1895ರ ಅಕ್ಟೋಬರ್ 22ರಂದು ಪ್ಯಾರಿಸ್‌ನ ಮಾಂಪಾರ್ನಾಸ್ ನಿಲ್ದಾಣದಲ್ಲಿ ರೈಲೊಂದು ನಿಲ್ಲದೆ ಗೋಡೆ ಒಡೆದುಕೊಂಡು ಹೋಗಿ, ಅದರ ಇಂಜಿನ್ ಕೆಳಗಿನ ರಸ್ತೆಗೆ ಮೂತಿ ಊರಿ ನಿಂತಿತ್ತು. ಆ ಚಿತ್ರ ನೀವೂ ಎಲ್ಲೋ ನೋಡಿರ್ತೀರಿ. ಮಾರಿದವರು "ಆ ಕಾಲದ ಅಸಲಿ ಫೋಟೋ ಕಾರ್ಡ್" ಅಂದರು, ನಾನು ಬೆಲೆ ಕೂಡ ಚೌಕಾಸಿ ಮಾಡಲಿಲ್ಲ. ಮನೆಗೆ ತಂದು ಭೂತಗನ್ನಡಿ ಹಿಡಿದರೆ ಚಿತ್ರದ ತುಂಬಾ ಸಣ್ಣ ಸಣ್ಣ ಚುಕ್ಕಿ, ಅಂದರೆ ಅದು ಫೋಟೋ ಅಲ್ಲ, ಅಚ್ಚು ಹಾಕಿದ್ದು.

ಚುಕ್ಕಿ ಇದ್ದ ಮಾತ್ರಕ್ಕೆ ಕಾರ್ಡ್ ಹೊಸದು ಅಂತಲ್ಲ, ಹಳೇ ಕಾರ್ಡುಗಳಲ್ಲೂ ಅಚ್ಚು ಹಾಕಿದ್ದು ಬೇಕಾದಷ್ಟಿವೆ. ಆದರೆ ಫೋಟೋ ಅಂತ ಮಾರಿದ್ದರಲ್ಲಿ ಚುಕ್ಕಿ ಇರಬಾರದು. ಇನ್ನೊಂದು ಪರೀಕ್ಷೆಗೆ ಒಂದು ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಸಾಕು. ಕಾಗದ ಬೆಳ್ಳಗೆ ಕಾಣಲಿ ಅಂತ ಸೇರಿಸುವ ರಾಸಾಯನಿಕ ಎರಡನೇ ಮಹಾಯುದ್ಧದ ನಂತರವೇ ಬಳಕೆಗೆ ಬಂದದ್ದು, ಆ ಬೆಳಕಿಗೆ ಅದು ಹೊಳೆಯುತ್ತೆ. ಕತ್ತಲಲ್ಲಿ ಟಾರ್ಚ್ ಬಿಟ್ಟಾಗ ಕಾರ್ಡ್ ನೀಲಿಯಾಗಿ ಹೊಳೆದರೆ ಅದು 1910ರದ್ದು ಅನ್ನೋ ಮಾತು ಸುಳ್ಳು. ನನ್ನದು ಟ್ಯೂಬ್‌ಲೈಟ್ ಥರ ಹೊಳೆಯಿತು.

ಸರಿ, ಎಲ್ಲಿಂದ ಶುರು ಮಾಡೋದು? ಪ್ರಪಂಚದ ಎಲ್ಲ ಹೊಗೆಬಂಡಿ ಬೇಕು ಅಂತ ಹೊರಟರೆ ಡಬ್ಬ ತುಂಬುತ್ತೆ, ತಲೆ ಕೆಡುತ್ತೆ. ಒಂದು ಎಳೆ ಹಿಡಿದುಕೊಳ್ಳಿ. ನನ್ನ ಎಳೆ ಸಿಕ್ಕಿದ್ದು ಊಟಿ ರೈಲಿನಿಂದ. ಮೆಟ್ಟುಪಾಳ್ಯಂನಿಂದ ಕೂನೂರಿಗೆ ಹತ್ತುವಾಗ ಹಳಿಗಳ ನಡುವೆ ಹಲ್ಲಿನ ಪಟ್ಟಿ ಕಾಣುತ್ತಲ್ಲ, ಅದು ಸ್ವಿಸ್ ಎಂಜಿನಿಯರ್ ರೋಮನ್ ಆಬ್ಟ್ ಮಾಡಿದ ವಿಧಾನ. ಅಲ್ಲಿನ ಎಕ್ಸ್ ಕ್ಲಾಸ್ ಇಂಜಿನ್‌ಗಳನ್ನು ಮೊದಲು ಮಾಡಿಕೊಟ್ಟದ್ದು ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್ ಊರಿನ ಕಾರ್ಖಾನೆ. ಅದೇ ಕಾರ್ಖಾನೆ, ಅದೇ ಆಬ್ಟ್ ಹಲ್ಲು, 1892ರಲ್ಲಿ ಶುರುವಾದ ಸ್ವಿಟ್ಜರ್ಲೆಂಡಿನ ಬ್ರಿಯೆನ್ಜ್ ರೋಟ್‌ಹಾರ್ನ್ ರೈಲಿನಲ್ಲೂ ಇದೆ, 1896ರಲ್ಲಿ ಶುರುವಾದ ವೇಲ್ಸ್‌ನ ಸ್ನೋಡನ್ ರೈಲಿನಲ್ಲೂ ಇದೆ. ಮೂರು ದೇಶದ ಕಾರ್ಡುಗಳನ್ನು ಪಕ್ಕ ಪಕ್ಕ ಇಟ್ಟು ನೋಡಿದರೆ ದಾಯಾದಿಗಳು ಅಂತ ಗೊತ್ತಾಗುತ್ತೆ. ನಿಮ್ಮ ಎಳೆ ಬೇರೆ ಇರಬಹುದು. ಸೇತುವೆ, ನಿಲ್ದಾಣ, ಅಪಘಾತ, ಏನಾದರೂ ಆಗಲಿ, ಒಂದಿರಲಿ.

ಈಗ ಹಿಂಬದಿ. ಕಾರ್ಡಿನ ವಯಸ್ಸು ಅಲ್ಲೇ ಇರೋದು. ಮೊದಮೊದಲು ಹಿಂದೆ ಬರೀ ವಿಳಾಸ ಬರೆಯಬೇಕಿತ್ತು, ಸುದ್ದಿಯನ್ನು ಚಿತ್ರದ ಅಂಚಿನಲ್ಲಿ ಹೇಗೋ ತುರುಕುತ್ತಿದ್ದರು. ಅರ್ಧ ಸುದ್ದಿಗೆ, ಅರ್ಧ ವಿಳಾಸಕ್ಕೆ ಅಂತ ನಡುವೆ ಗೆರೆ ಬಂದದ್ದು ಬ್ರಿಟನ್ನಿನಲ್ಲಿ 1902ಕ್ಕೆ, ಜರ್ಮನಿಯಲ್ಲಿ 1905ಕ್ಕೆ, ಅಮೆರಿಕದಲ್ಲಿ 1907ಕ್ಕೆ. ಅಂದರೆ ಗೆರೆ ಇರುವ ಅಮೆರಿಕದ ಕಾರ್ಡನ್ನು ಯಾರಾದರೂ 1900ರದ್ದು ಅಂದರೆ ನಕ್ಕು ಮುಂದೆ ಹೋಗಿ. ಬ್ರಿಟನ್ನಿನ ಒಳಗೇ ಹೋದ ಕಾರ್ಡಾದರೆ ಸ್ಟ್ಯಾಂಪ್ ಕೂಡ ಸುಳಿವು ಕೊಡುತ್ತೆ, 1918ರ ಜೂನ್‌ವರೆಗೆ ಅರ್ಧ ಪೆನಿ, ಆಮೇಲೆ ಒಂದು ಪೆನಿ. ಒಂದು ಎಚ್ಚರ: ಅಂಚೆ ಮುದ್ರೆ ಹೇಳೋದು ಕಾರ್ಡ್ ಕಳಿಸಿದ ದಿನ, ಫೋಟೋ ಅದಕ್ಕಿಂತ ಎಷ್ಟೋ ವರ್ಷ ಹಳೇದಿರಬಹುದು.

ಆಮೇಲೆ ಇಂಜಿನ್ ಮೈಮೇಲಿನ ಅಕ್ಷರ ಓದಿ. ಎಲ್‌ಎನ್‌ಇಆರ್ ಅಂತ ಬರೆದಿರುವ ಬ್ರಿಟಿಷ್ ಇಂಜಿನ್ನಿನ ಫೋಟೋ 1923ಕ್ಕಿಂತ ಹಳೇದಾಗಿರಲು ಸಾಧ್ಯವಿಲ್ಲ, ಯಾಕೆಂದರೆ ಆ ಕಂಪನಿಯೇ ಆಗ ಹುಟ್ಟಿದ್ದು, 1948ಕ್ಕೆ ಸರ್ಕಾರ ಎಲ್ಲವನ್ನೂ ವಹಿಸಿಕೊಂಡಿತು. ಫ್ರಾನ್ಸಿನ ರೈಲು ಕಂಪನಿ ಎಸ್‌ಎನ್‌ಸಿಎಫ್ ಹೆಸರಿದ್ದರೆ 1938ರಿಂದ ಈಚೆಗೆ.

ಚಿತ್ರದ ಕೆಳಗಿನ ಅಂಕಿಗಳು ನನ್ನನ್ನು ತುಂಬಾ ದಿನ ಆಟ ಆಡಿಸಿದವು. ಇಂಗ್ಲಿಷ್ ಕಾರ್ಡಿನಲ್ಲಿ 4-6-2 ಅಂದರೆ ಮುಂದೆ 4 ಸಣ್ಣ ಚಕ್ರ, ನಡುವೆ ಬಂಡಿ ಎಳೆಯುವ 6 ದೊಡ್ಡ ಚಕ್ರ, ಹಿಂದೆ 2. ಫ್ರೆಂಚರು ಚಕ್ರ ಬಿಟ್ಟು, ಎರಡೆರಡು ಚಕ್ರ ಜೋಡಿಸುವ ಅಚ್ಚುಗಳನ್ನು ಎಣಿಸುತ್ತಾರೆ, ಹಾಗಾಗಿ ಅದೇ ಜೋಡಣೆ ಅವರಿಗೆ 231. ಅದನ್ನು ಇಂಜಿನ್ ನಂಬರ್ ಅಂದುಕೊಂಡು ನಾನು ಒಂದು ಪಟ್ಟಿಯನ್ನೇ ಬರೆದಿಟ್ಟಿದ್ದೆ!

ಕೊಳ್ಳೋದಕ್ಕೆ ಡೆಲ್ಕಾಂಪ್, ಇಬೇ ಅನ್ನೋ ಜಾಲತಾಣಗಳಿವೆ. ಹುಡುಕುವಾಗ ಆಯಾ ಭಾಷೆಯ ಪದ ಹಾಕಿ, ಇಂಗ್ಲಿಷಿಗೆ ಸಿಗದ್ದು ಸಿಗುತ್ತೆ: ಜರ್ಮನ್‌ನಲ್ಲಿ ಡಾಂಪ್ಫ್‌ಲೋಕ್, ರಷ್ಯನ್‌ನಲ್ಲಿ ಪಾರೊವೋಜ್, ಜಪಾನಿನವರು ಸುಮ್ನೆ ಎಸ್‌ಎಲ್ ಅಂತಾರೆ. ಹೊಸ ಕಾರ್ಡ್ ಬೇಕಿದ್ದರೆ ಪೋಸ್ಟ್‌ಕ್ರಾಸಿಂಗ್ ಅನ್ನೋ ಜಾಲತಾಣ ಸೇರಿ. 2005ರಲ್ಲಿ ಪೋರ್ಚುಗಲ್‌ನಲ್ಲಿ ಶುರುವಾದದ್ದು. ನೀವು ಅಪರಿಚಿತರೊಬ್ಬರಿಗೆ ಕಳಿಸುತ್ತೀರಿ, ಅದು ತಲುಪಿದ ಮೇಲೆ ಇನ್ಯಾರೋ ನಿಮಗೆ ಕಳಿಸುತ್ತಾರೆ. ಅಲ್ಲಿನ ನಿಮ್ಮ ಪರಿಚಯದ ಪುಟದಲ್ಲಿ ಹೊಗೆಬಂಡಿ ಇಷ್ಟ ಅಂತ ಬರೆಯಿರಿ, ಬೇಡಿಕೆ ಪಟ್ಟಿ ಬೇಡ. ಇಲ್ಲೇ ಸಿಗಬೇಕು ಅಂದರೆ ಅಂಚೆಚೀಟಿ ಪ್ರದರ್ಶನಗಳಿಗೆ ಹೋಗಿ, ವ್ಯಾಪಾರಿಗಳ ಡಬ್ಬ ತಾಳ್ಮೆಯಿಂದ ಜಾಲಾಡಿ.

ಇಡೋ ವಿಷಯ. ಪಿವಿಸಿ ಹಾಳೆಯ ಅಗ್ಗದ ಆಲ್ಬಮ್ ಬೇಡ, ವರ್ಷ ಕಳೆದಂತೆ ಅಂಟಂಟಾಗಿ ಚಿತ್ರಕ್ಕೇ ಹತ್ತಿಕೊಳ್ಳುತ್ತೆ. ಪಾಲಿಪ್ರೊಪಿಲೀನ್ ಕವರ್ ಕೇಳಿ. ಮಳೆಗಾಲದಲ್ಲಿ ಡಬ್ಬದೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಮಲೆನಾಡಿನವರಾದರೆ ಎರಡು ಹಾಕಿ. ಲ್ಯಾಮಿನೇಷನ್, ಸೆಲ್ಲೋಟೇಪ್ ಎರಡೂ ಮುಟ್ಟಬೇಡಿ. ಎಲ್ಲಿ ತಗೊಂಡಿರಿ, ಎಷ್ಟು ಕೊಟ್ಟಿರಿ ಅನ್ನೋದನ್ನು ಕವರ್ ಮೇಲೆ ಬರೆಯಿರಿ, ಕಾರ್ಡ್ ಮೇಲೇ ಬರೆಯಬೇಕಾದರೆ ಮೆದು ಪೆನ್ಸಿಲ್ಲಿನಲ್ಲಿ, ಒತ್ತದೆ. ಮತ್ತೆ ಸ್ಟ್ಯಾಂಪ್ ಚೆನ್ನಾಗಿದೆ ಅಂತ ನೀರಲ್ಲಿ ನೆನೆಸಿ ಕಿತ್ತುಕೊಡೋಕೆ ಯಾರಾದರೂ ಕೇಳಿದರೆ, ಚಿಕ್ಕಪ್ಪನ ಮಗನಾದರೂ ಸರಿ, ಕೊಡಬೇಡಿ.