‘ಮೋನಿನ್’ ಆಲ್ಬಮ್ಮನ್ನು ಡ್ರಮ್ಮಿನ ಜಾಡು ಹಿಡಿದು ಕೇಳುವ ಬಗೆ

ಹಾರ್ಡ್ ಬಾಪ್ ಎಂಬ ಶೈಲಿಯ ಜಾಝನ್ನು ಮೊದಲ ಸಲ ಕೇಳಹೊರಟವರಿಗೆ ನಾನು ಸೂಚಿಸುವುದು ಡ್ರಮ್ ವಾದಕ ಆರ್ಟ್ ಬ್ಲೇಕಿ ತಮ್ಮ ಜಾಝ್ ಮೆಸೆಂಜರ್ಸ್ ತಂಡದೊಂದಿಗೆ 1958ರ ಅಕ್ಟೋಬರ್ 30ರಂದು, ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್‌ನಲ್ಲಿದ್ದ ರೂಡಿ ವ್ಯಾನ್ ಗೆಲ್ಡರ್ ಅವರ ಸ್ಟುಡಿಯೋದಲ್ಲಿ ಧ್ವನಿಮುದ್ರಿಸಿದ ‘ಮೋನಿನ್’ ಆಲ್ಬಮ್ಮನ್ನು. ಇಪ್ಪತ್ತು ವರ್ಷದ ಲೀ ಮಾರ್ಗನ್ ಅವರ ಟ್ರಂಪೆಟ್ ಕಿವಿಯನ್ನು ಕೂಡಲೇ ಸೆಳೆದುಬಿಡುವುದರಿಂದ, ತಂಡವನ್ನು ಹಿಂದಿನಿಂದ ನಡೆಸುತ್ತಿರುವವರು ಡ್ರಮ್ ವಾದಕರೆಂಬುದು ಅನೇಕರ ಗಮನಕ್ಕೆ ಬರುವುದೇ ಇಲ್ಲ.

ಮೊಬೈಲಿನ ಸಣ್ಣ ಸ್ಪೀಕರಿನಲ್ಲಿ ಸಿಂಬಲ್ಲುಗಳ, ಅಂದರೆ ಡ್ರಮ್ಮುಗಳ ಜೊತೆಗಿರುವ ಲೋಹದ ತಟ್ಟೆಗಳ, ನಾದ ಸೊರಗುತ್ತದೆ, ಹೆಡ್‌ಫೋನ್ ಬಳಸಿ. ಪಿಯಾನೋ ವಾದಕ ಬಾಬಿ ಟಿಮನ್ಸ್ ರಚಿಸಿದ ಶೀರ್ಷಿಕೆ ಕೃತಿಯಿಂದಲೇ ಆರಂಭಿಸಿ. ಪಿಯಾನೋ ಒಂದು ಸಾಲನ್ನು ನುಡಿಸಿದೊಡನೆ ಟ್ರಂಪೆಟ್ ಮತ್ತು ಬೆನ್ನಿ ಗೋಲ್ಸನ್ ಅವರ ಟೆನರ್ ಸ್ಯಾಕ್ಸೊಫೋನ್ ಎರಡು ಸ್ವರಗಳಲ್ಲಿ ಉತ್ತರಿಸುತ್ತವೆ. ಕರೆದು ಓಗೊಡುವ ಈ ಕ್ರಮವು ಅಮೆರಿಕದ ಕಪ್ಪು ಜನರ ಚರ್ಚುಗಳ ಗಾಯನದಿಂದ ಬಂದದ್ದು. ಆ ಗಾಯನವನ್ನೂ ಬ್ಲೂಸನ್ನೂ ಬಾಪ್ ಎಂಬ ವೇಗದ, ಜಟಿಲ ಜಾಝ್ ಶೈಲಿಗೆ ಬೆಸೆದದ್ದೇ ಹಾರ್ಡ್ ಬಾಪಿನ ವಿಶೇಷ.

ಈಗ ಕೈಯಿಂದ ಲೆಕ್ಕ ಹಾಕಿ. ಆದಿತಾಳ ಹಾಕಿ ರೂಢಿಯಿರುವವರು ಮೊದಲ ಅಕ್ಷರಕ್ಕೇ ತಟ್ಟಲು ಹೊರಡುತ್ತಾರೆ. ಇಲ್ಲಿ ನಾಲ್ಕು ಎಣಿಕೆಗಳಲ್ಲಿ ಎರಡನೆಯದಕ್ಕೂ ನಾಲ್ಕನೆಯದಕ್ಕೂ ತಟ್ಟಬೇಕು, ಏಕೆಂದರೆ ಬ್ಲೇಕಿಯವರ ಎಡಗಾಲಿನ ಹೈ-ಹ್ಯಾಟ್ (ಪೆಡಲ್ ಒತ್ತಿದಾಗ ಒಂದಕ್ಕೊಂದು ಕೂಡುವ ಜೋಡಿ ಸಿಂಬಲ್) ಗಟ್ಟಿಯಾಗಿ ಕಚ್ಚುವುದು ಅಲ್ಲಿಯೇ. ಇಂಥ ನಾಲ್ಕು ಎಣಿಕೆಗಳ ಎಂಟು ಗುಂಪುಗಳು ಸೇರಿ ಒಂದು ಭಾಗ, ನಾಲ್ಕು ಭಾಗಗಳು ಸೇರಿ ಒಂದು ಸುತ್ತು. ಈ ಲೆಕ್ಕ ಕೈಗೆ ಕುಳಿತ ಮೇಲೆ, ಸುತ್ತುಗಳು ಕೂಡುವ ಸಂಧಿಗಳಲ್ಲಿ ಕಿವಿಗೊಡಿ: ಕೋಲುಗಳನ್ನು ಸ್ನೇರ್ ಡ್ರಮ್ಮಿನ ಮೇಲೆ ಒತ್ತಿ ಹೊರಡಿಸುವ, ಸಣ್ಣದಾಗಿ ಹುಟ್ಟಿ ಉಕ್ಕೇರುವ ಪ್ರೆಸ್ ರೋಲ್ ಬ್ಲೇಕಿಯವರ ಗುರುತು. ಒಬ್ಬ ವಾದಕರ ಮಾತು ಮುಗಿಯಿತೆಂದೋ, ಇನ್ನಷ್ಟು ಏರಬೇಕೆಂದೋ ಅವರು ಸೂಚಿಸುವುದು ಇಂಥ ಉರುಳುಗಳಿಂದಲೇ. ಜಿಮಿ ಮೆರಿಟ್ ಅವರ ಬಾಸ್ ಮುಂದೆ ಬಂದಾಗ ಡ್ರಮ್ ಎಷ್ಟು ತಗ್ಗುತ್ತದೆಂಬುದನ್ನೂ ಗಮನಿಸಿ.

ಮೃದಂಗದ ತನಿ ಆವರ್ತನವನ್ನು ಮೆಚ್ಚುವವರು ‘ದ ಡ್ರಮ್ ಥಂಡರ್ ಸೂಟ್’ ಅನ್ನೇ ಮೊದಲು ಕೇಳಲು ಬಯಸಬಹುದು. ಗೋಲ್ಸನ್ ಬರೆದ ಈ ಮೂರು ಭಾಗಗಳ ಕೃತಿಯಲ್ಲಿ ಬ್ಲೇಕಿ ಮೆತ್ತನೆಯ ತಲೆಯ ಮ್ಯಾಲೆಟ್‌ಗಳನ್ನೂ ಬಳಸಿರುವುದರಿಂದ ನಾದ ಗುಡುಗಿನಷ್ಟು ದಪ್ಪವಾಗಿದೆ. ಆದರೂ ಅದನ್ನು ತಡವಾಗಿ ಕೇಳುವುದೇ ಲೇಸು, ಏಕೆಂದರೆ ಬ್ಲೇಕಿಯವರ ನಾಯಕತ್ವವು ಅವರು ಒಬ್ಬರೇ ನುಡಿಸುವಾಗಿನದಕ್ಕಿಂತ ಇತರರಿಗೆ ಒತ್ತಾಸೆಯಾಗಿ ನಿಂತಾಗ ಹೆಚ್ಚು ಸ್ಪಷ್ಟವಾಗುತ್ತದೆ. ‘ಬ್ಲೂಸ್ ಮಾರ್ಚ್’ ಇದಕ್ಕೆ ಉತ್ತಮ ಉದಾಹರಣೆ: ಮೆರವಣಿಗೆಯ ಬ್ಯಾಂಡಿನ ನಡೆಯಲ್ಲಿ ತೊಡಗುವ ಡ್ರಮ್, ವಾದಕರು ಮನೋಧರ್ಮಕ್ಕೆ ಇಳಿದಾಗ ಸ್ವಿಂಗಿಗೆ, ಅಂದರೆ ಜಾಝಿನ ತೂಗುವ ಲಯಕ್ಕೆ, ಹೊರಳುತ್ತದೆ.

ಮುಂದೆ 1960ರಲ್ಲಿ ಮುದ್ರಿತವಾದ ‘ಎ ನೈಟ್ ಇನ್ ಟ್ಯುನೀಸಿಯಾ’ ಕೇಳಿ. ಅಲ್ಲಿ ಗೋಲ್ಸನ್ ಅವರ ಜಾಗದಲ್ಲಿ ವೇಯ್ನ್ ಶಾರ್ಟರ್ ಇದ್ದಾರೆ, ಉಳಿದ ನಾಲ್ವರು ಇವರೇ. ಹೀಗಾಗಿ ಹೊಸ ಸ್ಯಾಕ್ಸೊಫೋನಿಗೆ ಬ್ಲೇಕಿ ಒತ್ತಾಸೆ ನೀಡುವ ಬಗೆ ಹೇಗೆ ಬೇರೆಯಾಗಿದೆಯೆಂದು ಹೋಲಿಸಿ ನೋಡಬಹುದು.